ಮಿಷೀನಿನೊಳಗಿನ ಮಡಿವಾಳೆಪ್ಪ

ಸತ್ತವನು ಗಂಡನಲ್ಲ, ಗಂಡನ ಹೆಸರಿನವನು ಅಷ್ಟೆ ಎಂದು ಸಾವಿತ್ರೆವ್ವ ತನಗೆ ತಾನೇ ಎಷ್ಟು ಸಲ ಹೇಳಿಕೊಂಡರೂ ಬುತ್ತಿಯ ಗಂಟು ಬಿಚ್ಚಲು ಕೈ ಮುಂದಾಗುತ್ತಿರಲಿಲ್ಲ. ಯರಗುಪ್ಪಿಯ ಪಂಚಾಯ್ತಿ ಕಟ್ಟೆಯ ಮೇಲೆ ಉಳಿದ ಹೆಂಗಸರು ಸಾಲಾಗಿ ಕೂತು ಏನೂ ಆಗಿಲ್ಲವೆಂಬಂತೆ ರೊಟ್ಟಿ ಮುರಿಯುತ್ತಿದ್ದರು. ಸ್ವಲ್ಪ ಹೊತ್ತಿನ ಮುಂಚೆ ಒಳಗಿನ ಕೋಣೆಯಲ್ಲಿ, ಇವರೆಲ್ಲರ ಕಣ್ಣೆದುರು, ಹುಬ್ಬಳ್ಳಿಯ ಡಾಕ್ಟರು ಮೇಜಿನ ಮೇಲೆ ತಂದಿಟ್ಟ ಕಂಪ್ಯೂಟರ್ ಎಂಬ ಮಿಷೀನಿನಲ್ಲಿ ಒಬ್ಬ ರೋಗಿ ತೀರಿಕೊಂಡಿದ್ದ. ಅವನಿಗೆ ಮೈಯಿಲ್ಲ, ಮುಖವಿಲ್ಲ. ಕರಿ ಗಾಜಿನ ಮೇಲೆ ಮೂಡುವ ಹಸಿರು ಅಕ್ಷರಗಳ ಒಂದೆರಡು ಸಾಲು, ಅಷ್ಟೇ ಅವನ ದೇಹ. ಅವನನ್ನು ಉಳಿಸುವ ಪಾಳಿ ಸಾವಿತ್ರೆವ್ವನದಾಗಿತ್ತು. ಅವಳಿಗೆ ಅದು ಆಗಲಿಲ್ಲ. ಬಾಜು ಕೂತಿದ್ದ ಸೂಲಗಿತ್ತಿ ದುರ್ಗವ್ವ ಅರ್ಧ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಚ್ಚಿ ಅವಳ ಮುಂದೆ ಹಿಡಿದು, "ಉಣ್ಣ ಬೇ. ಹೋದಾವ ಹೋದ. ನೀ ಉಪವಾಸ ಕುಂತ್ರ ತಿರಗಿ ಬರ್ತಾನೇನು?" ಎಂದಳು. ಅದು ಸತ್ತವರ ಮನೆಯಲ್ಲಿ ಆಡುವ ಮಾತು. ಅದನ್ನು ಇಲ್ಲಿ ಕೇಳಿ ಸಾವಿತ್ರೆವ್ವನಿಗೆ ನಗು ಬಂತು, ನಗು ಬಂದದ್ದಕ್ಕೆ ಹೆದರಿಕೆಯಾಯಿತು, ಹೆದರಿಕೆಗೆ ಹಸಿವಾಯಿತು. ರೊಟ್ಟಿ ತೆಗೆದುಕೊಂಡಳು.

ಡಾಕ್ಟರ ಹೆಸರು ಅಲ್ಲಾಭಕ್ಷ. ಅಮೆರಿಕೆಗೆ ಓದಲು ಹೋದವರು ಬರುವಾಗ ಟೇಪ್ ರೆಕಾರ್ಡರು, ಸೆಂಟಿನ ಬಾಟಲಿ ತರುವುದು ವಾಡಿಕೆ. ಈ ಪುಣ್ಯಾತ್ಮರು ಈ ಮಿಷೀನನ್ನು ಹೊತ್ತುಕೊಂಡು ಬಂದಿದ್ದರು. ದಿಲ್ಲಿಯಲ್ಲಿ ಜನತಾ ಸರ್ಕಾರ ಬಿದ್ದ ವರ್ಷ ಅದು; ಊರೂರಿಗೆ ಆರೋಗ್ಯ ಕಾರ್ಯಕರ್ತೆಯರನ್ನು ತಯಾರು ಮಾಡುವ ಶಿಬಿರಗಳು ನಡೆದಿದ್ದವು. ನಿಜವಾದ ರೋಗಿಯ ಮೇಲೆ ಕಲಿಯಲು ಬಿಟ್ಟರೆ ರೋಗಿ ಉಳಿಯುವ ಖಾತ್ರಿಯಿಲ್ಲ, ಮಿಷೀನಿನ ರೋಗಿಯಾದರೆ ಎಷ್ಟು ಸಲ ಸತ್ತರೂ ಪೊಲೀಸರು ಬರುವುದಿಲ್ಲ ಎಂಬುದು ಡಾಕ್ಟರ ವಿಚಾರ. "ಇಂವ ಸೋಗಿನ ರೋಗಿ ಅದಾನ್ರಿ ಅಕ್ಕಾರ, ಹೆದರಬ್ಯಾಡ್ರಿ" ಎಂದು ಮೊದಲೇ ಹೇಳಿದ್ದರು. ಹತ್ತಿ ಹೊಲದಲ್ಲಿ ಎಣ್ಣೆ ಹೊಡೆಯಲು ಹೋದ ಗಂಡಸು (ಹುಳಕ್ಕೆ ಸಿಂಪಡಿಸುವ ವಿಷಕ್ಕೆ ಈ ಸೀಮೆಯಲ್ಲಿ ಎಣ್ಣೆ ಎನ್ನುತ್ತಾರೆ) ಬದುವಿನ ಮೇಲೆ ಬಿದ್ದಿದ್ದಾನೆ. ಮೊದಲು ಅವನನ್ನು ಹೆಸರು ಹಿಡಿದು ಕರೆಯಬೇಕು, ಎಚ್ಚರವಿದ್ದಾನೋ ಇಲ್ಲವೋ ನೋಡಲು. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಮಗ್ಗುಲಿಗೆ ಹೊರಳಿಸಬೇಕು, ಎಣ್ಣೆ ಸಿಡಿದ ಬಟ್ಟೆ ಬಿಚ್ಚಿ ಮೈಗೆ ಸಾಬೂನು ಹಚ್ಚಿ ತೊಳೆಯಬೇಕು, ಚಕ್ಕಡಿ ಹೂಡಿಸಿ ದವಾಖಾನೆಗೆ ಕಳಿಸಬೇಕು. ಮಿಷೀನು ಇಂಗ್ಲಿಷಿನಲ್ಲಿ ಕೇಳುತ್ತದೆ, ಡಾಕ್ಟರು ಕನ್ನಡದಲ್ಲಿ ಓದಿ ಹೇಳುತ್ತಾರೆ, ಹೆಂಗಸರು ಹೇಳಿದ್ದನ್ನು ಅವರೇ ಎರಡು ಬೆರಳಿನಿಂದ ಕುಟ್ಟುತ್ತಾರೆ. ಉತ್ತರ ತಡವಾದರೆ ಪರದೆಯ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ಹಲ್ಲಿಯ ಗಂಟಲಿನಂತೆ ಮಿಡಿಯುತ್ತದೆ. ಇನ್ನೂ ತಡವಾದರೆ ರೋಗಿ ಸಾಯುತ್ತಾನೆ.

ಅಮೆರಿಕೆಯಲ್ಲಿ ಈ ರೋಗಿಯ ಹೆಸರು ಜಾನ್ ಎಂದಿತ್ತಂತೆ. ಜಾನ್ ಸತ್ತರೆ ನಮ್ಮ ಹೆಂಗಸರಿಗೆ ಏನನಿಸೀತು ಎಂದು ಡಾಕ್ಟರು ಯೋಚಿಸಿದರು. ಜಾಗ ನೋಡಲು ಯರಗುಪ್ಪಿಗೆ ಬಂದಾಗ ರಸ್ತೆಯಲ್ಲಿ ಒಂದು ಬೋರ್ಡು ಕಣ್ಣಿಗೆ ಬಿತ್ತು: 'ಮಡಿವಾಳೆಪ್ಪನವರ ಹಿಟ್ಟಿನ ಗಿರಣಿ'. ಎಂಥ ಸೊಗಸಾದ, ಮಣ್ಣಿನ ವಾಸನೆಯ ಹೆಸರು ಎಂದು ಅದನ್ನು ಬರೆದುಕೊಂಡು ಮುಂಬೈಯ ಗೆಳೆಯನಿಗೆ ಕಳಿಸಿ ಮಿಷೀನಿನೊಳಗೆ ಹಾಕಿಸಿಬಿಟ್ಟರು. ಆ ಗಿರಣಿಯ ಮಡಿವಾಳೆಪ್ಪನ ಹೆಂಡತಿಯೇ ಶಿಬಿರಕ್ಕೆ ಹೆಸರು ಕೊಟ್ಟಿದ್ದಾಳೆಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದವರು ಉಳಿದ ಹೆಂಗಸರು. ಅವರಿಗೆ ಹಬ್ಬವಾಯಿತು. ದುರ್ಗವ್ವ ಆ ಮಡಿವಾಳೆಪ್ಪನನ್ನು ಹುಟ್ಟುವಾಗ ಕೈಯಲ್ಲಿ ಹಿಡಿದವಳು. ಪರದೆಗೆ ಮುಖ ಹಚ್ಚಿ "ಲೇ ಮಡಿವಾಳ್ಯಾ, ಏಳೋ" ಎಂದು ಗದರಿಸಿದಳು. ಅವರಲ್ಲಿ ಚಿಕ್ಕವಳಾದ ಗೌಸಬಿ ಸಾವಿತ್ರೆವ್ವನ ಕಡೆ ಓರೆಗಣ್ಣಿನಿಂದ ನೋಡುತ್ತ "ಏ ಮಡಿವಾಳೆಪ್ಪ ಕಾಕಾ" ಎಂದು ಬೇಕೆಂದೇ ರಾಗ ಎಳೆದಳು. ಅವಳ ಪಾಳಿಯಲ್ಲಿ ಕರೆಂಟು ಹೋಯಿತು, ಕರೆಂಟಿನ ಜೊತೆ ರೋಗಿಯೂ ಹೋದ. ಕರೆಂಟು ಬಂದಾಗ ಏನೂ ನಡೆದಿಲ್ಲವೆಂಬಂತೆ ಮತ್ತೆ ಮೊದಲಿನಿಂದ ಬದುವಿನ ಮೇಲೆ ಬಿದ್ದ. ಒಬ್ಬೊಬ್ಬರಾಗಿ ಪರದೆಯ ಮುಂದೆ ಹೋಗಿ ತನ್ನ ಗಂಡನ ಹೆಸರನ್ನು ಬಾಯಿ ತುಂಬ ಕೂಗಿ ಬರುವುದನ್ನು ಸಾವಿತ್ರೆವ್ವ ಮೂಲೆಯಲ್ಲಿ ಕೂತು ಕೇಳಿದಳು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚಾಯಿತು.

ಬೆಳಿಗ್ಗೆ ಮನೆ ಬಿಡುವಾಗಲೇ ಮನಸ್ಸು ಕೆಟ್ಟಿತ್ತು. ಗಿರಣಿಯ ಮುಂದೆ ಜೋಳದ ಚೀಲ, ಪುಟ್ಟಿ ಇಟ್ಟುಕೊಂಡು ಜನ ನಿಂತಿದ್ದರು. ಹುಬ್ಬು ಮೀಸೆಯೆಲ್ಲ ಹಿಟ್ಟು ಬಡಿದುಕೊಂಡ ಗಂಡ, ಗಿರಣಿ ತಿರುಗಿಸುವ ಪಟ್ಟಾದ ಸದ್ದನ್ನೂ ಮೀರಿಸುವ ದನಿಯಲ್ಲಿ, "ಏನವಾ, ಡಾಕ್ಟರಣಿ ಆಗಾಕ ಹೊಂಟ್ಯಾ? ನಾ ಏನ ಕಂಪೌಂಡರ ಆಗ್ಲೇನು ಹಂಗಾರ?" ಎಂದು ಕೂಗಿದ. ಪಾಳಿಯಲ್ಲಿದ್ದವರೆಲ್ಲ ನಕ್ಕರು. ಅವನು ಕೆಟ್ಟವನಲ್ಲ. ಕೈ ಎತ್ತಿದವನಲ್ಲ, ಕುಡಿದವನಲ್ಲ. ಆದರೆ ನಾಲ್ಕು ಜನ ಇದ್ದಲ್ಲಿ ಅವನ ಬಾಯಿಗೆ ಬೀಗವಿಲ್ಲ, ಮತ್ತು ಗಿರಣಿಯ ಮುಂದೆ ಯಾವಾಗಲೂ ನಾಲ್ಕು ಜನ ಇರುತ್ತಾರೆ. ಸೆರಗು ಸರಿ ಮಾಡಿಕೊಂಡು ಬಿರಬಿರನೆ ನಡೆಯುತ್ತ ಸಾವಿತ್ರೆವ್ವ, ಒಂದು ದಿನವಾದರೂ ಈ ಬಾಯಿ ಮುಚ್ಚಿಕೊಂಡು ತೆಪ್ಪಗೆ ಬಿದ್ದಿರಬಾರದೇ ಎಂದುಕೊಂಡಿದ್ದಳು. ಅದನ್ನು ಮನಸ್ಸಿನಲ್ಲಿ ಅಂದುಕೊಂಡಿದ್ದಳು, ಅಷ್ಟೆ. ಆಮೇಲೆ ಇಲ್ಲಿ ಬಂದು ಕೂತರೆ ಡಾಕ್ಟರು ಪರದೆ ನೋಡಿ ಓದಿದ್ದೇನು? "ಮಡಿವಾಳೆಪ್ಪ, ಗಂಡಸು, ನೆಲಕ್ಕ ಬಿದ್ದಾನ. ಬಾಯಿ ಬಿಗಿದೈತಿ. ಮಾತಿಲ್ಲ." ಅಮೆರಿಕದಿಂದ ಬಂದ ಮಿಷೀನಿಗೆ ತನ್ನ ಹೊಟ್ಟೆಯೊಳಗಿನ ಮಾತು ಯಾರು ಹೇಳಿದರು ಎಂದು ಅವಳು ಮೂಲೆಗೆ ಸರಿದು ಕೂತಳು.

ಶಿಬಿರದ ಕೊನೆಗೆ ರೋಗಿಯನ್ನು ಉಳಿಸಿದ ಪ್ರತಿಯೊಬ್ಬಳಿಗೂ ಒಂದು ಔಷಧಿಯ ಡಬ್ಬಿ ಸಿಗುವುದಿತ್ತು. ತಗಡಿನ ಡಬ್ಬಿ, ಮೇಲೆ ಬಣ್ಣದ ಗುರುತು, ಒಳಗೆ ಅರಿವೆ ಪಟ್ಟಿ, ಗುಳಿಗೆ, ಕಣ್ಣಿನ ಮುಲಾಮು. ಸಾವಿತ್ರೆವ್ವನಿಗೆ ಅದು ಬೇಕೇ ಬೇಕಾಗಿತ್ತು. ಗುಳಿಗೆಯ ಆಸೆಗಲ್ಲ. ಆ ಡಬ್ಬಿ ಯಾರ ಮನೆಯಲ್ಲಿರುತ್ತದೋ ಅವರ ಬಾಗಿಲಿಗೆ ಜನ ಬಂದು "ಸಾವಿತ್ರೆವ್ವಾರು ಅದಾರೇನ್ರಿ?" ಎಂದು ಕೇಳಬೇಕಾಗುತ್ತದೆ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಅವಳು ಗಿರಣಿಯವರ ಮನೆಯಾಕಿ, ಇಲ್ಲವೇ "ಏ ಇಕಿ". ಸಾವಿತ್ರೆವ್ವ ಎಂಬಾಕೆ ತವರಿನಲ್ಲೇ ಉಳಿದುಬಿಟ್ಟಿದ್ದಾಳೇನೋ ಎಂದು ಕೆಲವೊಮ್ಮೆ ಅನಿಸುತ್ತಿತ್ತು. ಹಾಗೆಂದು ಗಂಡನನ್ನಾದರೂ ಅವಳು ಏನೆಂದು ಕರೆದಳು? ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಮ್ಮಿಯಾಗುತ್ತದೆ. ಅದಕ್ಕೇ "ಏನ್ರಿ", "ಇಲ್ಲಿ ಕೇಳ್ರಿ". ದೂರವಿದ್ದರೆ ಕೆಮ್ಮುವುದು, ಇನ್ನೂ ದೂರವಿದ್ದರೆ ಕೊಡಕ್ಕೆ ತಂಬಿಗೆಯಿಂದ ಬಡಿಯುವುದು. ರೇಶನ್ ಕಾರ್ಡು ಮಾಡಿಸಲು ಹೋದಾಗ ಗುಮಾಸ್ತ ಗಂಡನ ಹೆಸರು ಕೇಳಿದ್ದಕ್ಕೆ ಓಣಿಯ ಜಮಾಲಬಿಯನ್ನು ಹುಡುಕಿ ಕರೆತಂದು ಅವಳ ಬಾಯಿಂದ ಹೇಳಿಸಿದ್ದಳು. ಒಮ್ಮೆ ಮಾತ್ರ ತಾನೇ ಹೇಳಿದ್ದಳು, ಗಂಡನ ಮನೆಯ ಹೊಸ್ತಿಲಲ್ಲಿ ನಾದಿನಿ ಅಡ್ಡ ನಿಂತು ಒಡಪು ಹಾಕಿಯೇ ಹೆಸರು ಹೇಳಬೇಕೆಂದು ಹಟ ಹಿಡಿದಾಗ. ಹಾಡಿನಂಥ ಸಾಲು ಕಟ್ಟಿ ಅದರೊಳಗೆ ಹೆಸರು ಸೇರಿಸಿದರೆ ದೋಷವಿಲ್ಲವಂತೆ, ಆಯುಷ್ಯಕ್ಕೆ ಮೋಸ ಮಾಡಿದಂತೆ. ಆದರೂ ಅವಳು ಅಷ್ಟು ಮೆಲ್ಲಗೆ ಹೇಳಿದಳೆಂದರೆ ಬಾಜು ನಿಂತಿದ್ದ ಮದುಮಗ ಎತ್ತಲೋ ನೋಡುತ್ತ ನಿಂತೇ ಇದ್ದ.

ಪಾಳಿ ಬಂದಾಗ ಸಾವಿತ್ರೆವ್ವ ಪರದೆಯ ಮುಂದೆ ಮಣೆಯ ಮೇಲೆ ಕೂತವರಂತೆ ಕೂತಳು. "ಪೈಲಾ ಏನ ಮಾಡ್ತೀರಿ?" ಎಂದರು ಡಾಕ್ಟರು. "ಕರೀತೀನ್ರಿ." "ಕರೀರಿ ಹಂಗಾರ." ಅವಳು ಗಂಟಲು ಸರಿಮಾಡಿಕೊಂಡು "ಏನ್ರಿ... ಇಲ್ಲಿ ಕೇಳ್ರಿ" ಎಂದಳು. ಡಾಕ್ಟರು ಪಾಪ, ಅದನ್ನೇ ಕುಟ್ಟಿದರು. ಮಿಷೀನಿಗೆ ತಿಳಿಯಲಿಲ್ಲವಂತೆ, ಹೆಸರು ಹಿಡಿದು ಕರೆಯಿರಿ ಎಂದು ಮತ್ತೆ ಕೇಳಿತು. ಹಿಂದಿನಿಂದ ಕಿಸಕಿಸ ನಗು. ಈಗ ಕರೆಂಟು ಹೋಗಲಿ ಎಂದು ಅವಳು ದೇವರಿಗೆ ಕಾಯಿ ಹರಕೆ ಹೊತ್ತಳು. ದಿನಕ್ಕೆ ಹತ್ತು ಸಲ ಹೋಗುವ ಕರೆಂಟು ಅಂದು ಕಲ್ಲಿನಂತೆ ನಿಂತಿತ್ತು. "ಒಡಪು ಹಾಕಬೇ, ಒಡಪು" ಎಂದು ದುರ್ಗವ್ವ ಪಿಸುಗುಟ್ಟಿದಳು. ಮುಳುಗುವವಳಿಗೆ ಹಗ್ಗ ಸಿಕ್ಕಂತಾಯಿತು. ಸಾವಿತ್ರೆವ್ವ ಕಣ್ಣು ಮುಚ್ಚಿ ಶುರು ಮಾಡಿದಳು:

"ಬಿಳಿ ಹತ್ತಿ ಬಿಡಿಸಿ ತಂದೀನಿ ಉಡಿ ತುಂಬ,
ತಿಳಿ ನೀರು ಸೇದಿ ತಂದೀನಿ ಕೊಡ ತುಂಬ..."

ಮೂರನೆಯ ಸಾಲೂ ಸಿದ್ಧವಿತ್ತು, ಇವರು ಇರಲಿ ನನ್ನ ಮನೆ ತುಂಬ ಎಂದು ಹೆಸರಿಟ್ಟು ಮುಗಿಸುವುದು. ಅಷ್ಟರಲ್ಲಿ ಮಿಷೀನು ಕುಂಯ್ ಎಂದಿತು. ಡಾಕ್ಟರು ಕನ್ನಡಕ ತೆಗೆದು, ದವಾಖಾನೆಯ ಹೊರಗೆ ನಿಂತ ಸಂಬಂಧಿಕರಿಗೆ ಹೇಳುವ ದನಿಯಲ್ಲಿ "ತೀರಿಕೊಂಡಾನ್ರಿ" ಎಂದರು. ಯಾರೂ ನಗಲಿಲ್ಲ. ಗೌಸಬಿಯ ಕಣ್ಣು ತಾನಾಗಿಯೇ ಸಾವಿತ್ರೆವ್ವನ ಕೈಬಳೆಯ ಕಡೆ ಹೋಯಿತು. ಸಾವಿತ್ರೆವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆ ಗಳಿಗೆಯಲ್ಲಿ ಅವಳ ತಲೆಗೆ ಬಂದ ಮೊದಲ ವಿಚಾರ, ಹಾಗಾದರೆ ರಾತ್ರಿ ರೊಟ್ಟಿ ಕಮ್ಮಿ ಬಡಿದರಾಯಿತು ಎಂಬುದು. ಇದು ಎಲ್ಲಿಂದ ಬಂತು ಎಂದು ಅವಳು ಬೆಚ್ಚಿಬಿದ್ದಳು. ಅಳು ಬರುವ ಜಾಗದಲ್ಲಿ ರೊಟ್ಟಿಯ ಲೆಕ್ಕ! ಡಾಕ್ಟರು ಸಮಾಧಾನ ಹೇಳಿದರು: ಊಟ ಆದ ಮೇಲೆ ಇನ್ನೊಂದು ಪಾಳಿ ಕೊಡುತ್ತೇನೆ, ಅದೇ ಕೊನೆಯದು. ಆಗಲೂ ಸತ್ತರೆ ಡಬ್ಬಿ ಸಿಗುವುದಿಲ್ಲ. ಸಾವಿತ್ರೆವ್ವನಿಗೆ ಅದು ಸರಿಯಾಗಿ ಕೇಳಿಸಲಿಲ್ಲ, ಅವಳು ಮನಸ್ಸಿನಲ್ಲಿ ಆ ರೊಟ್ಟಿಗಳನ್ನು ತಿರುಗಿ ಬಡಿಯುತ್ತಿದ್ದಳು.

ಊಟ ಮುಗಿದ ಮೇಲೆ ಡಾಕ್ಟರು ಎಲ್ಲರನ್ನೂ ಒಳಗೆ ಕೂರಿಸಿ ಕಾಗದ ಪೆನ್ಸಿಲ್ ಹಿಡಿದರು. "ಇದರಾಗ ತಪ್ಪು ಒಪ್ಪು ಅನ್ನೂದಿಲ್ರಿ. ಈ ಮಿಷೀನಿನ ಜೋಡಿ ಕಲಿಯೂದು ನಿಮಗ ಹೆಂಗ ಅನಿಸ್ತು, ಖುಲ್ಲಾ ಹೇಳ್ರಿ. ನಿಮ್ಮ ಮಾತು ಕೇಳೇ ನಾವು ಇದನ್ನ ಸುಧಾರಸ್ಬೇಕು." ಅಮೆರಿಕೆಯಲ್ಲಿ ಹೀಗೆ ಕೇಳಿದರೆ ವಿದ್ಯಾರ್ಥಿಗಳು ಬಾಯಿಗೆ ಬಂದಂತೆ ಬಯ್ಯುತ್ತಾರಂತೆ, ಅದೇ ಅವರಿಗೆ ಬೇಕಂತೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊಟ ಹಾಕಿದವರ ಮನೆಯಲ್ಲೇ ಕೂತು ಸಾರಿಗೆ ಉಪ್ಪು ಕಮ್ಮಿ ಎನ್ನುವುದು ಹೇಗೆ? ಗೌಸಬಿ ಎದ್ದು ಹೇಳಿದಳು: "ಭಾಳ ಛಲೋ ಐತ್ರಿ ಡಾಕ್ಟರ ಸಾಹೇಬ್ರ. ರೋಗಿ ಅಗದಿ ಶಾಂತ ಸ್ವಭಾವದಾವ. ಒದರೂದಿಲ್ಲ, ಬಯ್ಯೂದಿಲ್ಲ, ನೀರ ಕೊಡ್ರಿ ಅನ್ನೂದಿಲ್ಲ. ಸತ್ರೂ ಯಾರಿಗೂ ತ್ರಾಸ ಕೊಡ್ಲಿಲ್ಲ." ಡಾಕ್ಟರು ಬರೆದುಕೊಂಡರು. ದುರ್ಗವ್ವ ಕೂತಲ್ಲಿಂದಲೇ, "ಆದ್ರ ಒಬ್ಬಾವ ಬಂದಾನಲ್ರಿ! ಹಿಂದ ಮುಂದ ಯಾರೂ ಇಲ್ಲೇನು ಅವಗ? ನಾಕ ಮಂದಿ ಬೋರ್ಯಾಡಿ ಅಳೂವಂಗ ಮಾಡ್ರಿ. ಅವರನ್ನ ಆಕಡೆ ಸರಸೂದ್ರಾಗ ನಮ್ಮ ಅರ್ಧಾ ಆಯುಷ್ಯ ಹೋಗ್ತೈತಿ" ಎಂದಳು. ರೋಗಿಗೆ ಸಂಬಂಧಿಕರು ಬೇಕು ಎಂದು ಡಾಕ್ಟರು ಬರೆದರು. ಸತ್ತ ಮೇಲೆ ಒಂದು ಕಪ್ಪು ಚಹಾ ಕೊಟ್ಟಿದ್ದರೆ ಇನ್ನೂ ಛಲೋ ಇತ್ತು ಎಂದು ಹಿಂದಿನಿಂದ ಯಾರೋ ಅಂದರು. ಅದನ್ನೂ ಬರೆದರು.

"ಸಾವಿತ್ರೆವ್ವಾರ, ನಿಮಗ?" ಎಂದಾಗ ಅವಳು ನೆಟ್ಟಗೆ ಕೂತಳು. ಅವಳ ಹೆಸರನ್ನು ಒಬ್ಬರು ಸರಿಯಾಗಿ, ಪೂರ್ತಿಯಾಗಿ ಕರೆದಿದ್ದರು. ಹೇಳಲು ಇದ್ದದ್ದು ಒಂದೇ ಮಾತು, ಅವನ ಹೆಸರು ಬದಲು ಮಾಡಿರಿ. ಈರಪ್ಪ ಮಾಡಿರಿ, ಹೊಳೆಪ್ಪ ಮಾಡಿರಿ, ಬೇಕಾದರೆ ಜಾನ್ ಅಂತಲೇ ಇರಲಿ, ಅವನ ಧೋತರವನ್ನೂ ಬಿಚ್ಚಿ ಸಾಬೂನು ಹಚ್ಚುತ್ತೇನೆ. "ಎಲ್ಲಾ ಛಲೋ ಐತ್ರಿ," ಎಂದಳು. ಆಮೇಲೆ, "ರೋಗಿ ಹೆಸರು..." ಎಂದಳು. "ಹೆಸರಿಗೇನಾಗೇತ್ರಿ?" ಕೋಣೆಯಲ್ಲಿದ್ದ ಸೆರಗುಗಳೆಲ್ಲ ಒಟ್ಟಿಗೆ ಬಾಯಿಗೆ ಹೋದವು. ಡಾಕ್ಟರಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಬೋರ್ಡು, ಗಿರಣಿ, ಒಡಪು ಒಂದೊಂದಾಗಿ ಜೋಡಿಸಿಕೊಂಡು ಕಿವಿಯವರೆಗೆ ಕೆಂಪಾದರು. ತಮ್ಮ ತಾಯಿಯೂ ತಂದೆಯನ್ನು ಕರೆಯಲು ಬಾಗಿಲ ಚಿಲಕ ಅಲ್ಲಾಡಿಸುತ್ತಿದ್ದುದು ಅವರಿಗೆ ನೆನಪಾಗಿರಬೇಕು. "ತಪ್ಪಾತ್ರಿ ಅಕ್ಕಾರ. ಆದ್ರ ಈಗ ಬದಲ ಮಾಡಾಕ ನನಗ ಬರೂದಿಲ್ರಿ. ಅದನ್ನ ಬರದಾವ ಮುಂಬೈದಾಗ ಅದಾನ" ಎಂದರು.

ಅಷ್ಟರಲ್ಲಿ ಬಾಗಿಲು ಬೆಳ್ಳಗಾಯಿತು. ಅಡಿಯಿಂದ ಮುಡಿಯವರೆಗೆ ಹಿಟ್ಟು ಮೆತ್ತಿಕೊಂಡ ಮಡಿವಾಳೆಪ್ಪ ಹೊಸ್ತಿಲಲ್ಲಿ ನಿಂತಿದ್ದ. "ಎಲ್ಲಿ ಅದಾನ್ರಿ ಅಂವ, ನನ್ನ ಹೆಸರಿನಾವ?" ಹೆಂಗಸರು ಕಟ್ಟೆಯ ಮೇಲೆ ಉಣ್ಣುತ್ತ ಆಡಿದ ಮಾತು ಆಗಲೇ ಗಿರಣಿಗೆ ಮುಟ್ಟಿತ್ತು. "ಮುದುಕಿ ಒಬ್ಬಾಕಿ ಪುಟ್ಟಿ ಹೊತ್ಕೊಂಡ ಬಂದು, ನೀ ಸತ್ತೀಯಂತಲ್ಲೋ, ನನ್ನ ಜ್ವಾಳರ ಬೀಸಿಕೊಟ್ಟ ಸಾಯಬಾರದೇನೋ ಅಂತಾಳ್ರಿ! ನಾ ಏನ ಹೇಳ್ಲಿ? ಗಿರಣಿ ಬಂದ ಮಾಡಿ ಬಂದೆ." ಎಂದಿನಂತೆ ದೊಡ್ಡ ದನಿ. ಆದರೆ ಕಣ್ಣು ಪರದೆಯ ಮೇಲಿತ್ತು, ತನ್ನ ಫೋಟೋ ಎಲ್ಲಾದರೂ ಕಾಣುವುದೇನೋ ಎಂದು ಹುಡುಕುವ ಹಾಗೆ. ಡಾಕ್ಟರು ಅವನಿಗೆ ಹಿಂದೊಂದು ಬೆಂಚು ತೋರಿಸಿ, ಸಾವಿತ್ರೆವ್ವನ ಕಡೆ ತಿರುಗಿ, "ಇದು ಕಡೀ ಪಾಳಿ ಅಕ್ಕಾರ. ಬ್ಯಾಡ ಅನಿಸಿದ್ರ ಬಿಡ್ರಿ" ಎಂದರು. ಬಿಡುವುದೆಂದರೆ ಡಬ್ಬಿ ಬಿಡುವುದು. ಅವಳು ಹೋಗಿ ಕೂತಳು.

ಪರದೆಯ ಮೇಲೆ ಮಡಿವಾಳೆಪ್ಪ ಬಿದ್ದ. ಹಿಂದಿನ ಬೆಂಚಿನ ಮೇಲೆ ಮಡಿವಾಳೆಪ್ಪ ಕೂತಿದ್ದ. ಕರೆದರೆ ಕೂತವನ ಆಯುಷ್ಯ ಕಮ್ಮಿ, ಕರೆಯದಿದ್ದರೆ ಬಿದ್ದವನದು ಇಲ್ಲೇ ಮುಗಿಯಿತು. ಯಾವ ಶರಣರೂ ಇದಕ್ಕೆ ದಾರಿ ಹೇಳಿಟ್ಟಿರಲಾರರು. ಹಸಿರು ಚುಕ್ಕೆ ಮಿಡಿಯತೊಡಗಿತು. ತವರಿನಲ್ಲಿ ಅವ್ವ ಅಪ್ಪನನ್ನು ಕರೆಯುತ್ತಿದ್ದುದು ಹೇಗೆ? ನೆನಪಾಗಲಿಲ್ಲ. ಅವ್ವ ಕರೆಯುತ್ತಲೇ ಇರಲಿಲ್ಲ, ಅಪ್ಪ ಬರುವವರೆಗೆ ಕಾಯುತ್ತಿದ್ದಳು. ನಿಜವಾದ ಹೊಲದಲ್ಲಿ, ನಿಜವಾದ ಬದುವಿನ ಮೇಲೆ ಇವರು ಬಿದ್ದರೆ ತಾನು ಏನೆಂದು ಕೂಗಿಯೇನು? ಕೊಡ ಹುಡುಕಲು ಹೋಗಲೇ? ಅವಳಿಗೆ ಒಮ್ಮೆಲೇ ಗಂಡನ ಮೇಲೆ ಎಲ್ಲಿಲ್ಲದ ಕರುಣೆ ಬಂತು. ಇಷ್ಟು ದೊಡ್ಡ ಗಂಡಸು, ಇಷ್ಟು ಬಾಯಿ, ಮನೆಯಲ್ಲಿ ಕರೆಯುವವರು ಒಬ್ಬರಿಲ್ಲ. ಅವನನ್ನು ಹೆಸರು ಹಿಡಿದು ಪ್ರೀತಿಯಿಂದ ಕರೆಯುತ್ತಿದ್ದ ಅವನ ತಾಯಿ ತೀರಿಹೋಗಿ ಎಷ್ಟೋ ಕಾಲವಾಗಿತ್ತು. "ಲಗೂನ ಕರಿ ಬೇ!" ಎಂದು ಬೆಂಚಿನಿಂದ ದನಿ ಬಂತು, ಈಗ ಅದರಲ್ಲಿ ತಮಾಷೆ ಉಳಿದಿರಲಿಲ್ಲ. "ಏನ ನೋಡಾಕ ಹತ್ತಿ? ಸಾಯಾಕ ಹತ್ತೇನಿ ನಾ!"

"ಮಡಿವಾಳೆಪ್ಪಾ!" ಎಂದು ಕೂಗಿದಳು ಸಾವಿತ್ರೆವ್ವ. ಒಡಪಿಲ್ಲ, ಸೆರಗಿಲ್ಲ. ಹೊಲದ ಆ ತುದಿಗೆ ಕೇಳಬೇಕಾದ ದನಿ.

"ಓ," ಎಂದ ಬೆಂಚಿನ ಮೇಲಿದ್ದವನು.

ಅದು ಗಿರಣಿಯ ದನಿಯಾಗಿರಲಿಲ್ಲ. ಉಣ್ಣಲು ಕರೆದಾಗ ಮಕ್ಕಳು ಹೊರಗಿನಿಂದ ಕೊಡುವಂಥ ಮೆತ್ತನೆಯ ಓ. ಅಂದ ಮೇಲೆ ಅವನಿಗೇ ತಿಳಿದು, ಎದ್ದು ನಿಂತು, ಎಲ್ಲಿ ನೋಡಬೇಕೆಂದು ಗೊತ್ತಾಗದೆ ಮೀಸೆಯ ಹಿಟ್ಟು ಒರೆಸಿಕೊಂಡ. ಕೋಣೆಯಲ್ಲಿ ಯಾರೂ ನಗಲಿಲ್ಲ. ಗೌಸಬಿಯೂ ನಗಲಿಲ್ಲ. ಡಾಕ್ಟರು ಕುಟ್ಟಿ, ಪರದೆ ನೋಡಿ ಓದಿದರು: "ರೋಗಿ ಉತ್ತರ ಕೊಡಲಿಲ್ಲ. ಮುಂದ?" ಮುಂದೆ ಎಲ್ಲ ಸುಲಭವಾಯಿತು. ಬಾಯಿಗೆ ಏನೂ ಹಾಕಂಗಿಲ್ರಿ ಎಂದಳು, ಮಗ್ಗಲಾ ಮಾಡ್ತೀನ್ರಿ ಎಂದಳು. "ಅಂಗಿ ಧೋತರ ಬಿಚ್ಚತೀನ್ರಿ" ಎಂದಾಗ ಹಿಂದೆ ನಿಂತವನ ಕೈ ತಾನಾಗಿ ಧೋತರದ ಗಂಟಿಗೆ ಹೋಯಿತು. ಆಗ ಮಾತ್ರ ಹೆಂಗಸರು ಬಿದ್ದು ಬಿದ್ದು ನಕ್ಕರು. ಸಾಬೂನು ಹಚ್ಚಿ ತೊಳೆದಳು, ಚಕ್ಕಡಿ ಹೂಡಿಸಿದಳು. ಮಿಷೀನು ಬೇರೆ ಥರ ಕುಂಯ್ ಎಂದಿತು. ರೋಗಿ ಉಳಿದಿದ್ದ.

ಡಾಕ್ಟರು ಡಬ್ಬಿಯನ್ನು ತಂದು ಅವಳ ಕೈಗಿಟ್ಟರು. ಎಣಿಸಿದ್ದಕ್ಕಿಂತ ಭಾರವಿತ್ತು. ಆಮೇಲೆ ಮತ್ತೆ ಪೆನ್ಸಿಲ್ ತೆಗೆದುಕೊಂಡು, "ಈಗರ ಹೇಳ್ರಿ ಸಾವಿತ್ರೆವ್ವಾರ, ಏನ ಅನಿಸ್ತು?" ಎಂದರು. ಅವರಿಗೆ ಅದು ನಿಜವಾಗಿಯೂ ಬೇಕಾಗಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು.

ಸಾವಿತ್ರೆವ್ವ ಡಬ್ಬಿಯನ್ನು ಸೊಂಟಕ್ಕೆ ಏರಿಸಿಕೊಂಡಳು.

"ಕರದ್ರ ಓ ಅಂತಾರ್ರಿ," ಎಂದಳು. "ನನಗ ಗೊತ್ತಽ ಇರಲಿಲ್ಲ."

ಡಾಕ್ಟರು ಬರೆಯಲು ಹೋಗಿ ನಿಲ್ಲಿಸಿ ಪರದೆಯ ಕಡೆ ನೋಡಿದರು. "ಓ ಅಂದಿಲ್ಲಲ್ರಿ ಅಂವ? ಉತ್ತರ ಕೊಡಲಿಲ್ಲ ಅಂತ ಬಂದೇತಿ."

"ಅಂವ ಅಲ್ರಿ," ಎಂದಳು ಸಾವಿತ್ರೆವ್ವ. "ಇವರು."